ಪಿಲಿಕುಳದಲ್ಲೊಂದು ಹಾವಿನ ಪಾಠ

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ಹೆದ್ದಾರಿಯಲ್ಲಿ ಕುಲಶೇಖರ ದಾಟಿದರೆ ವಾಮಂಜೂರು ಸಿಗುತ್ತದೆ. ಅಲ್ಲಿಂದ ಹೆದ್ದಾರಿ ಬಿಟ್ಟು ಮೂಡುಶೆಡ್ಡೆಯ ಕಡೆಗೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಪಿಲಿಕುಳ. ಪೇಟೆಯಿಂದ ಸುಮಾರು 12 ಕಿ.ಮೀ. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ, ‘ಕುಳ’ ಎಂದರೆ ಕೊಳ. ಒಂದು ಕಾಲದಲ್ಲಿ ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೊಳವಂತೆ. ಈಗ ಹುಲಿಗಳು ಬೇಲಿಯೊಳಗಿವೆ, ಕೊಳದಲ್ಲಿ ಮಕ್ಕಳು ದೋಣಿಯಲ್ಲಿ ಸುತ್ತುತ್ತಾರೆ.

ಇದರ ಪೂರ್ತಿ ಹೆಸರು ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮ. ಮಕ್ಕಳಿಗಾಗಿ 1936ರಷ್ಟು ಹಿಂದೆಯೇ ‘ಬಾಲ ಪ್ರಪಂಚ’ ಎಂಬ ಮೂರು ಸಂಪುಟಗಳ ವಿಶ್ವಕೋಶ ಬರೆದವರ ಹೆಸರು ಇಂಥ ಜಾಗಕ್ಕೆ ಚೆನ್ನಾಗಿ ಒಪ್ಪುತ್ತದೆ. 350 ಎಕರೆಗೂ ಹೆಚ್ಚು ವಿಸ್ತಾರದ ಜಾಗ. ಮೃಗಾಲಯ, ವಿಜ್ಞಾನ ಕೇಂದ್ರ, ತಾರಾಲಯ, ಹಳೆಯ ಕಾಲದ ಗುತ್ತಿನ ಮನೆ, ಕುಂಬಾರ ಕಮ್ಮಾರರ ಕುಶಲಕರ್ಮಿ ಗ್ರಾಮ ಎಲ್ಲವೂ ಇವೆ. ಎಲ್ಲವನ್ನೂ ನೋಡಲು ಒಂದು ದಿನ ಸಾಲದು. ಹೆಚ್ಚಿನವರು ಹುಲಿ, ಸಿಂಹ, ಚಿರತೆ ನೋಡಿ ಐಸ್ ಕ್ರೀಂ ತಿಂದು ಮನೆಗೆ ಹೋಗುತ್ತಾರೆ. ನಾನು ಹೇಳಹೊರಟಿರುವುದು ಅಲ್ಲಿನ ಹಾವುಗಳ ವಿಷಯ.

ಪ್ರತಿ ವರ್ಷ ಅಕ್ಟೋಬರ್ ಮೊದಲ ವಾರ ದೇಶದಲ್ಲೆಲ್ಲ ವನ್ಯಜೀವಿ ಸಪ್ತಾಹ ನಡೆಯುತ್ತದೆ. ಕಳೆದ ವರ್ಷ ಆ ಹೊತ್ತಿಗೆ ಸರಿಯಾಗಿ ಬೆಂಗಳೂರಿನಿಂದ ಮಗಳ ಮಕ್ಕಳಿಬ್ಬರು ದಸರಾ ರಜೆಗೆಂದು ಬಂಟ್ವಾಳ ತಾಲ್ಲೂಕಿನ ನಮ್ಮ ಹಳ್ಳಿಗೆ ಬಂದಿದ್ದರು. ಮೊಮ್ಮಗಳು ಏಳನೆಯ ತರಗತಿ, ಮೊಮ್ಮಗ ನಾಲ್ಕನೆಯದು. ಪಿಲಿಕುಳದಲ್ಲಿ ಮಕ್ಕಳಿಗೆ ಹಾವುಗಳ ಪರಿಚಯ ಮಾಡಿಕೊಡುತ್ತಾರೆಂದು ತಿಳಿಯಿತು. ಹೋಗೋಣವೆಂದಾಗ ನನ್ನ ಹೆಂಡತಿ, “ಹಿತ್ತಲಲ್ಲಿ ಪುಕ್ಕಟೆ ಕಾಣ್ಲಿಕ್ಕೆ ಸಿಗ್ತದೆ. ಅದಕ್ಕೆ ದುಡ್ಡು ಕೊಟ್ಟು ಅಷ್ಟು ದೂರ ಹೋಗ್ಬೇಕಾ?” ಎಂದಳು. ಆದರೂ ಎಲ್ಲರಿಗಿಂತ ಮೊದಲು ಸೀರೆ ಬದಲಿಸಿ ಜಗಲಿಯಲ್ಲಿ ಕುಳಿತವಳೂ ಅವಳೇ.

ಕೈಗೆ ಬಂದ ಪೊರೆ

ಮರದ ನೆರಳಿನಲ್ಲಿ ನಲವತ್ತರಷ್ಟು ಮಕ್ಕಳು, ಹಿಂದೆ ನಮ್ಮಂಥ ಅಜ್ಜ ಅಜ್ಜಿಯರು. ಮಾತನಾಡಿದವಳು ಖಾಕಿ ಬಣ್ಣದ ಅಂಗಿ ತೊಟ್ಟ ಎಳೆಯ ವಯಸ್ಸಿನ ಹುಡುಗಿ. ಒಬ್ಬ ಹುಡುಗ ಎದ್ದು, “ಮೇಡಂ, ಹಾವನ್ನು ಕುತ್ತಿಗೆಗೆ ಹಾಕಿ ತೋರಿಸ್ತೀರಾ?” ಎಂದು ಕೇಳಿದ. “ಇಲ್ಲ. ಹಾವು ಆಟದ ಸಾಮಾನಲ್ಲ. ಹಾಗೆ ಮಾಡಿದ್ರೆ ಅದಕ್ಕೂ ಕಷ್ಟ, ನಮಗೂ ಅಪಾಯ. ಆಮೇಲೆ ಗಾಜಿನ ಆಚೆಯಿಂದ ಬೇಕಾದಷ್ಟು ನೋಡುವ” ಎಂದಳು.

ಅದರ ಬದಲು ಆಕೆ ಒಂದು ಪೊರೆಯನ್ನು ಕೈಯಿಂದ ಕೈಗೆ ದಾಟಿಸಿದಳು. ತಲೆಯ ಭಾಗವನ್ನು ಬೆಳಕಿಗೆ ಹಿಡಿಯಿರಿ ಎಂದಳು. ಕಣ್ಣಿನ ಜಾಗದಲ್ಲಿ ಕನ್ನಡಕದ ಗಾಜಿನಂಥ ಪುಟ್ಟ ಬಿಲ್ಲೆ! ಹಾವಿಗೆ ಕಣ್ಣಿನ ರೆಪ್ಪೆ ಇಲ್ಲ. ಕಣ್ಣನ್ನು ಕಾಯಲು ಪಾರದರ್ಶಕ ಪೊರೆಯೊಂದು ಯಾವಾಗಲೂ ಇರುತ್ತದೆ. ಪೊರೆ ಕಳಚುವಾಗ ಅದೂ ಕಳಚಿ ಹೊಸದು ಕಾಣಿಸಿಕೊಳ್ಳುತ್ತದೆ. ಎಪ್ಪತ್ತು ವರ್ಷ ತೋಟದಲ್ಲಿ ಪೊರೆ ಕಂಡಿದ್ದ ನಾವಿಬ್ಬರೂ ಈ ಬಿಲ್ಲೆಯನ್ನು ನೋಡಿದ್ದು ಆ ದಿನವೇ.

ಮತ್ತೆ ಒಂದೊಂದಾಗಿ ಹೇಳುತ್ತ ಹೋದಳು. ಹಾವು ನಾಲಿಗೆ ಚಾಚುವುದು ಕಚ್ಚಲಿಕ್ಕಲ್ಲ, ವಾಸನೆ ಹಿಡಿಯಲಿಕ್ಕೆ. ಗಾಳಿಯಲ್ಲಿನ ವಾಸನೆಯ ಕಣಗಳನ್ನು ಸೀಳುನಾಲಿಗೆ ಎತ್ತಿ ಬಾಯಿಯ ಮೇಲ್ಭಾಗದಲ್ಲಿರುವ ಅಂಗಕ್ಕೆ ಮುಟ್ಟಿಸುತ್ತದೆ. ಅದಕ್ಕೆ ಹೊರಗಿವಿ ಇಲ್ಲ, ನೆಲದ ಕಂಪನವನ್ನು ಮೈಯಿಂದ ಚೆನ್ನಾಗಿ ಅರಿಯುತ್ತದೆ. ಪುಂಗಿ ಊದಿದಾಗ ಹೆಡೆ ಆಡುವುದು ರಾಗಕ್ಕಲ್ಲ, ಕಣ್ಣೆದುರು ಅತ್ತಿತ್ತ ಆಡುವ ಪುಂಗಿಯನ್ನು ನೋಡಿ. ಹುತ್ತ ಕಟ್ಟುವುದು ಗೆದ್ದಲು, ಹಾವು ಅಲ್ಲಿ ಬಾಡಿಗೆ ಕೊಡದ ಒಕ್ಕಲು. ಈ ಮಾತಿಗೆ ಮಕ್ಕಳೆಲ್ಲ ನಕ್ಕರು.

ನೆನಪಿಡಬೇಕಾದ ನಾಲ್ಕು ಹೆಸರು

ನಮ್ಮ ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಬಗೆಯ ಹಾವುಗಳಿವೆ. ಅವುಗಳಲ್ಲಿ ಹೆಚ್ಚಿನವು ಮನುಷ್ಯರಿಗೆ ಅಪಾಯವಿಲ್ಲದವು. ಹಾವು ಕಡಿತದ ಸಾವುಗಳಲ್ಲಿ ಬಹುಪಾಲಿಗೆ ಕಾರಣ ನಾಲ್ಕೇ ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಈ ಹೆಸರುಗಳನ್ನು ಮಕ್ಕಳಿಂದ ಮೂರು ಸಲ ಜೋರಾಗಿ ಹೇಳಿಸಿದಳು, ನಾವು ಮಗ್ಗಿ ಹೇಳುತ್ತಿದ್ದ ಹಾಗೆ. ಆಮೇಲೆ ಗಾಜಿನ ಕೋಣೆಗಳ ಕಡೆಗೂ ಚಿತ್ರಗಳ ಕಡೆಗೂ ಕರೆದೊಯ್ದು ವಿವರಿಸಿದಳು.

ನಾಗರಹಾವನ್ನು ಗುರುತಿಸಲು ಯಾರಿಗೂ ಕಲಿಸಬೇಕಾಗಿಲ್ಲ. ಹೆಡೆ, ಹೆಡೆಯ ಹಿಂದೆ ಕನ್ನಡಕದ ಗುರುತು. ಹೆಡೆ ಬಿಚ್ಚುವುದೆಂದರೆ ‘ದೂರ ಹೋಗು’ ಎಂದು ಹೇಳುವುದು.

ಕೊಳಕುಮಂಡಲ ದಪ್ಪ ಮೈಯದು. ಕಂದು ಮೈಮೇಲೆ ಸರಪಳಿಯ ಕೊಂಡಿಗಳಂತೆ ಮೂರು ಸಾಲು ಗುರುತು. ತರಗೆಲೆಯ ನಡುವೆ ಮಲಗಿದರೆ ಎಂಥ ಕಣ್ಣಿಗೂ ಕಾಣದು. ಸಿಟ್ಟಿಗೆದ್ದರೆ ಕುಕ್ಕರಿನ ಸೀಟಿ ಬಿಡುವ ಮೊದಲಿನ ಹಬೆಯ ಹಾಗೆ ಜೋರಾಗಿ ಬುಸುಗುಡುತ್ತದೆ. ಮೊಟ್ಟೆ ಇಡುವುದಿಲ್ಲ, ಮರಿಗಳನ್ನೇ ಹಾಕುತ್ತದೆ. ಇದರ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ, ಮೂತ್ರಪಿಂಡಕ್ಕೂ ಏಟು ಕೊಡುತ್ತದೆ. ಗದ್ದೆ, ತೋಟ, ಹುಲ್ಲಿನಲ್ಲಿ ಕೆಲಸ ಮಾಡುವವರಿಗೆ ಹೆಚ್ಚು ಅಪಾಯ ಇದರಿಂದಲೇ.

ಗರಗಸ ಮಂಡಲ ಗಿಡ್ಡ ಹಾವು. ಬಯಲುಸೀಮೆಯ ಒಣನೆಲ, ಕಲ್ಲುಗಳ ಸಂದಿ ಅದಕ್ಕೆ ಇಷ್ಟ. ಮೈಯನ್ನು ಮೈಗೆ ಉಜ್ಜಿ ಗರಗಸ ಎಳೆದಂತೆ ಸದ್ದು ಮಾಡುವುದರಿಂದ ಆ ಹೆಸರು.

ಇನ್ನು ಕಟ್ಟುಹಾವು. ಹೊಳೆಯುವ ಕಪ್ಪು ಮೈ, ಅಡ್ಡಕ್ಕೆ ತೆಳ್ಳಗಿನ ಬಿಳಿ ಪಟ್ಟಿಗಳು. ಹಗಲಲ್ಲಿ ಮುದುಡಿ ಮಲಗಿರುತ್ತದೆ, ರಾತ್ರಿ ಇಲಿ, ಹಲ್ಲಿ, ಬೇರೆ ಹಾವುಗಳನ್ನು ಹುಡುಕಿಕೊಂಡು ಹೊರಡುತ್ತದೆ. ಮನೆಯೊಳಗೂ ಬರಬಹುದು. ನೆಲದ ಮೇಲೆ ಮಲಗಿದವರು ಹೊರಳಿದಾಗ ಕಚ್ಚುವುದುಂಟು. ಕಚ್ಚಿದ ಗುರುತು ಸೂಜಿಮೊನೆಯಷ್ಟು, ನೋವು ಬಹುತೇಕ ಇಲ್ಲ, ಬಾವೂ ಇಲ್ಲ. ಕೆಲವು ಗಂಟೆಗಳ ಮೇಲೆ ಹೊಟ್ಟೆನೋವು ಬರುತ್ತದೆ, ಕಣ್ಣಿನ ರೆಪ್ಪೆ ಇಳಿಯುತ್ತದೆ, ನುಂಗಲು, ಮಾತಾಡಲು ಕಷ್ಟವಾಗುತ್ತದೆ, ಕೊನೆಗೆ ಉಸಿರು.

ಆಕೆ ಇದನ್ನು ಹೇಳುತ್ತಿದ್ದಾಗ ನನಗೆ 1978ನೆಯ ಇಸವಿ ಕಣ್ಣೆದುರು ಬಂತು. ಆಗ ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತ. ಪಕ್ಕದ ಹೋಟೆಲಿನ ಹುಡುಗನೊಬ್ಬ ದಿನಾ ಹನ್ನೊಂದು ಗಂಟೆಗೆ ಕೌಂಟರಿಗೆ ಚಹಾ ತರುತ್ತಿದ್ದ. ಹದಿನೆಂಟು ವರ್ಷ ಇರಬಹುದು. ರಾತ್ರಿ ಹೋಟೆಲಿನ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದ. ಒಂದು ಮಳೆಗಾಲದ ಬೆಳಿಗ್ಗೆ ಅವನಿಗೆ ಹೊಟ್ಟೆನೋವು. ಅಜೀರ್ಣವೆಂದು ಜೀರಿಗೆ ಕಷಾಯ ಕೊಟ್ಟರು. ಅದು ಗಂಟಲಲ್ಲಿ ಇಳಿಯಲಿಲ್ಲ. ಕಣ್ಣು ತೆರೆಯಲಾರದೆ ತೂಕಡಿಸತೊಡಗಿದ. ಸೋಂಕು ತಗಲಿದೆ ಎಂದು ಯಾರೋ ತಾಯಿತ ಕಟ್ಟಿಸಿದರು. ಜೀಪು ಸಿಕ್ಕಿ ಶಿವಮೊಗ್ಗದ ದಾರಿ ಹಿಡಿಯುವಾಗ ಮಧ್ಯಾಹ್ನ. ದಾರಿಯಲ್ಲೇ ತೀರಿಕೊಂಡ. ಹಾವು ಕಂಡವರಿಲ್ಲ, ಗಾಯ ಕಂಡವರಿಲ್ಲ. ದೆವ್ವ ಬಡಿಯಿತೆಂದು ಊರು ಮಾತಾಡಿಕೊಂಡಿತು.

ಕಾರ್ಯಕ್ರಮ ಮುಗಿದ ಮೇಲೆ ಆ ಹುಡುಗಿಗೆ ಇದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಷ್ಟು ವರ್ಷದ ಮೇಲೆ ಖಂಡಿತ ಹೇಳ್ಲಿಕ್ಕೆ ಆಗುದಿಲ್ಲ ಸರ್. ಆದ್ರೆ ಕಟ್ಟುಹಾವೇ ಇರಬಹುದು. ಹೀಗೆ ಗೊತ್ತಾಗದೆ ಹೋದವರು ತುಂಬ ಜನ” ಎಂದಳು. ನಲವತ್ತು ವರ್ಷ ಲೆಡ್ಜರ್ ಬರೆದವನು ನಾನು. ಆ ಹುಡುಗನ ಸಾವಿನ ಲೆಕ್ಕ ಮಾತ್ರ ಅಲ್ಲಿಯವರೆಗೆ ತಾಳೆಯಾಗಿರಲಿಲ್ಲ. ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಚಾಪೆಯ ಅಡಿಗೆ ಸಿಕ್ಕಿಸಿ ಮಲಗಿದ್ದರೆ ಅವನು ಈಗ ನನ್ನ ಹಾಗೆ ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದನೋ ಏನೋ.

ಕೇರೆಗೆ ಯಾಕೆ ದೊಣ್ಣೆ?

ವಿಷದ ಹಾವುಗಳಿಗಿಂತ ಹೆಚ್ಚಾಗಿ ಹೊಡೆತ ತಿನ್ನುವುದು ವಿಷವಿಲ್ಲದವು. ಕೇರೆ ಹಾವು ಆರೇಳು ಅಡಿ ಉದ್ದ, ಓಡುವ ವೇಗವೂ ಜೋರು. ಆದ್ದರಿಂದ ನೋಡಿದವರಿಗೆ ಗಾಬರಿ. ಅದಕ್ಕೆ ವಿಷವೇ ಇಲ್ಲ. ಕೇರೆಯೂ ನಾಗರವೂ ಜೊತೆಯಾಗುತ್ತವೆ ಎಂದು ನಾವೆಲ್ಲ ಕೇಳಿ ಬೆಳೆದವರು. ಎರಡು ಕೇರೆಗಳು ಹೆಣೆದುಕೊಂಡು ಎದ್ದು ನಿಲ್ಲುವುದು ಹೆಚ್ಚಾಗಿ ಎರಡು ಗಂಡುಗಳ ಕುಸ್ತಿ ಎಂದು ಆಕೆ ಹೇಳಿದಾಗ ಅಜ್ಜಂದಿರ ಸಾಲಿನಲ್ಲಿ ಗುಸುಗುಸು ಎದ್ದಿತು.

ಕೊಂಬೇರಿ ಹಾವಿನ ಕಥೆ ನಿಮಗೆ ಗೊತ್ತೇ, ಮಕ್ಕಳೇ? ಅದು ಕಚ್ಚಿ ಮರದ ತುದಿಗೆ ಹೋಗಿ, ಸತ್ತವನನ್ನು ಸುಡುವ ಹೊಗೆ ಕಾಣುವವರೆಗೆ ಕಾಯುತ್ತದೆಯಂತೆ! ನಿಮ್ಮ ಅಜ್ಜಿಯರನ್ನು ಕೇಳಿ. ನಿಜವಾಗಿ ಅದು ಹಲ್ಲಿ, ಕಪ್ಪೆ ಹಿಡಿದು ತಿನ್ನುವ ತೆಳ್ಳಗಿನ ಮರದ ಹಾವು, ಅದರಿಂದ ಯಾರೂ ಸಾಯುವುದಿಲ್ಲ. ಹಸಿರು ಹಾವು ಕಣ್ಣು ಕುಕ್ಕುತ್ತದೆ ಎನ್ನುವುದೂ ಹಾಗೆಯೇ. ತೋಳಹಾವು ಕಟ್ಟುಹಾವಿನಂತೆ ಕಾಣುವುದರಿಂದ ಏಟು ತಿನ್ನುತ್ತದೆ. ತೋಳಹಾವಿನ ಪಟ್ಟಿಗಳು ಕುತ್ತಿಗೆಯ ಹತ್ತಿರ ಸ್ಪಷ್ಟವಾಗಿದ್ದು ಬಾಲದ ಕಡೆ ಮಾಸುತ್ತವೆ. ಕಟ್ಟುಹಾವಿನಲ್ಲಿ ಸಾಮಾನ್ಯವಾಗಿ ಇದರ ತದ್ವಿರುದ್ಧ. ಹೂಕುಂಡದ ಮಣ್ಣಿನಲ್ಲಿ ಸಿಗುವ, ಎರೆಹುಳದಂಥ ಹುಳುಹಾವಿನಲ್ಲಂತೂ ಎಲ್ಲವೂ ಹೆಣ್ಣೇ. ಗಂಡಿಲ್ಲದೆ ಮೊಟ್ಟೆ ಇಟ್ಟು ಮರಿ ಮಾಡುತ್ತವೆ. ಗೆದ್ದಲು, ಇರುವೆಗಳ ಮೊಟ್ಟೆ ಮರಿ ಅವುಗಳ ಊಟ.

“ಆದ್ರೆ ಒಂದು ಮಾತು. ಗುರುತು ಸಿಕ್ಕಿತೆಂದು ಯಾವ ಹಾವನ್ನೂ ಮುಟ್ಟಬೇಡಿ. ನಾವೇ ಕೆಲವು ಸಲ ಎರಡು ಬಾರಿ ನೋಡ್ತೇವೆ” ಎಂದು ಆಕೆ ಎಚ್ಚರಿಸಿದಳು.

ಇಲಿಗಳ ವಿಷಯ ಬಂದಾಗ ನಾನು ಕಿವಿ ನಿಮಿರಿಸಿದೆ. ಅಡಿಕೆ ತೋಟ, ತೆಂಗಿನ ಮರ, ಅಕ್ಕಿ ಮುಡಿ ಎಲ್ಲಕ್ಕೂ ಇಲಿ ಶತ್ರು. ನಮ್ಮ ದಕ್ಷಿಣ ಕನ್ನಡದಲ್ಲಿ ಮಳೆಗಾಲ ಬಂತೆಂದರೆ ಇಲಿಜ್ವರದ ಭಯ ಬೇರೆ. ಬಿಲದೊಳಗೇ ನುಗ್ಗಿ ಇಲಿ ಹಿಡಿಯುವ ಕೇರೆಗೆ ನಾವು ಸಂಬಳ ಕೊಡಬೇಕಿಲ್ಲ, ಬೋನಸ್ಸೂ ಬೇಡ. ಕೊಲ್ಲದಿದ್ದರೆ ಸಾಕು.

ಮೊಮ್ಮಗ ನನ್ನ ಅಂಗಿ ಜಗ್ಗಿ ಕೇಳಿದ, “ಅಜ್ಜಾ, ನಮ್ಮ ಊರಲ್ಲಿ ನಾಗರಹಾವಿಗೆ ಕೈಮುಗೀತಾರೆ. ಅದಕ್ಕೆ ವಿಷ ಇದೆ. ಕೇರೆಗೆ ವಿಷ ಇಲ್ಲ, ಅದಕ್ಕೆ ಯಾಕೆ ದೊಣ್ಣೆ?” ಉತ್ತರ ಕೊಡಲು ನನ್ನ ಬಿ.ಕಾಂ. ಓದು ಸಾಲಲಿಲ್ಲ.

ನಮ್ಮ ಹೆಸರು ಹೊತ್ತ ಕಾಳಿಂಗ

ಪಿಲಿಕುಳ ಕಾಳಿಂಗ ಸರ್ಪಗಳ ಸಂತಾನ ಬೆಳೆಸುವುದಕ್ಕೆ ಹೆಸರಾದ ಮೃಗಾಲಯ. ಗಾಜಿನ ಆಚೆ ಮಲಗಿದ್ದ ಕಾಳಿಂಗ ತಲೆ ಎತ್ತಿ ನಮ್ಮ ಕಡೆ ನೋಡಿದಾಗ ಮಕ್ಕಳ ಗದ್ದಲ ತಾನಾಗಿ ನಿಂತಿತು. ವಿಷದ ಹಾವುಗಳಲ್ಲಿ ಪ್ರಪಂಚದಲ್ಲೇ ಅತಿ ಉದ್ದದ್ದು ಇದು. ಇದರ ಮುಖ್ಯ ಊಟ ಬೇರೆ ಹಾವುಗಳು. ತರಗೆಲೆ ಒಟ್ಟುಮಾಡಿ ಗೂಡು ಕಟ್ಟುವ ಹಾವು ಇದೊಂದೇ. ಕೈ ಕಾಲು ಇಲ್ಲದ ತಾಯಿ ತನ್ನ ಮೈಯ ಸುರುಳಿಯಿಂದಲೇ ಎಲೆ ಎಳೆದು ಗುಡ್ಡೆ ಮಾಡುತ್ತಾಳೆ, ಮೊಟ್ಟೆ ಇಟ್ಟು ಕಾವಲು ಕೂರುತ್ತಾಳೆ, ಮರಿ ಹೊರಬರುವ ಮೊದಲೇ ಹೊರಟುಹೋಗುತ್ತಾಳೆ.

ಇಲ್ಲಿಂದ ಮೇಲೆ, ಘಟ್ಟದ ತುದಿಯ ಆಗುಂಬೆಯಲ್ಲಿ ರೊಮುಲಸ್ ವಿಟೇಕರ್ ಅವರು 2005ರಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ತೆರೆದರು. ಅಲ್ಲಿನ ಕಾಡುಗಳಲ್ಲಿ ಕಾಳಿಂಗಗಳ ಬದುಕನ್ನು ಹತ್ತಿರದಿಂದ ಅಭ್ಯಾಸ ಮಾಡಿದ್ದಾರೆ. 1836ರಿಂದ ಎಲ್ಲ ಕಾಳಿಂಗಗಳೂ ಒಂದೇ ಜಾತಿ ಎಂದು ವಿಜ್ಞಾನ ನಂಬಿತ್ತು. 2024ರಲ್ಲಿ ಪಿ. ಗೌರಿಶಂಕರ್ ಮತ್ತು ಜೊತೆಗಾರರು ಅವು ಒಂದಲ್ಲ, ನಾಲ್ಕು ಜಾತಿಗಳೆಂದು ತೋರಿಸಿದರು. ನಮ್ಮ ಪಶ್ಚಿಮ ಘಟ್ಟದ ಜಾತಿಗೆ ಅವರು ಇಟ್ಟ ಹೆಸರು ‘ಒಫಿಯೋಫೇಗಸ್ ಕಾಳಿಂಗ’. ನಮ್ಮ ಕನ್ನಡದ ಹೆಸರೇ ಈಗ ಪ್ರಪಂಚದ ಪುಸ್ತಕಗಳಲ್ಲಿದೆ! ಕರಾವಳಿಯಲ್ಲಿ ಮನುಷ್ಯರಿಗೂ ಆ ಹೆಸರಿಡುತ್ತೇವೆ, ಯಕ್ಷಗಾನದ ಕಾಳಿಂಗ ನಾವಡರನ್ನು ಮರೆತವರುಂಟೇ? ಈ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನನ್ನ ಹೆಂಡತಿ.

ಕಚ್ಚಿದರೆ ಏನು ಮಾಡಬೇಕು?

2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000. ಹಳೆಯ ಅಭ್ಯಾಸದಿಂದ ಅಲ್ಲೇ ಭಾಗಿಸಿ ನೋಡಿದೆ, ದಿನಕ್ಕೆ ಹತ್ತಿರ ಹತ್ತಿರ 160 ಜನ. ಹೆಚ್ಚಿನವರು ಹಳ್ಳಿಯವರು. 2024ರಲ್ಲಿ ನಮ್ಮ ಕರ್ನಾಟಕ ಸರಕಾರ ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು.

ಆಕೆ ಹೇಳಿದ್ದನ್ನು ಮೊಮ್ಮಗಳು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಅದನ್ನೇ ಇಲ್ಲಿ ಕೊಡುತ್ತೇನೆ.

ಗಾಬರಿಪಡಬಾರದು, ಓಡಬಾರದು. ಉಂಗುರ, ಬಳೆ, ಕಾಲ್ಗೆಜ್ಜೆ, ಗಡಿಯಾರ ತೆಗೆಯಬೇಕು, ಬಾವು ಬಂದರೆ ಅವು ಬಿಗಿಯುತ್ತವೆ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಒಂದು ಕೋಲನ್ನೋ ರಟ್ಟನ್ನೋ ಆಧಾರ ಕೊಟ್ಟು ಸಡಿಲವಾಗಿ ಕಟ್ಟಬೇಕು. ರಕ್ತ ನಿಲ್ಲುವಂತೆ ಬಿಗಿಯಾಗಿ ಹಗ್ಗ ಬಿಗಿಯಬಾರದು. ಬ್ಲೇಡಿನಿಂದ ಕೊಯ್ಯಬಾರದು, ಬಾಯಿ ಹಾಕಿ ಹೀರಬಾರದು, ಐಸ್ ಇಡಬಾರದು. ಹಾವನ್ನು ಹುಡುಕಿ ಹೊಡೆಯುವುದಕ್ಕೆ ಒಂದು ನಿಮಿಷವನ್ನೂ ಹಾಳುಮಾಡಬಾರದು. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕಿದ ವಾಹನದಲ್ಲಿ ಆಸ್ಪತ್ರೆಗೆ ಹೋಗಬೇಕು. ನೋವಿಲ್ಲ, ಗಾಯ ಕಾಣುವುದಿಲ್ಲ ಎಂದು ಮನೆಯಲ್ಲಿ ಕೂರಬಾರದು.

ಆಸ್ಪತ್ರೆಯಲ್ಲಿ ಕೊಡುವ ಔಷಧಿಯ ಕಥೆಯೂ ಸ್ವಾರಸ್ಯವಾದದ್ದು. ಚೆನ್ನೈ ಹತ್ತಿರ ಇರುಳ ಎಂಬ ಬುಡಕಟ್ಟಿನವರು ತಲೆತಲಾಂತರದಿಂದ ಹಾವು ಹಿಡಿಯುವುದರಲ್ಲಿ ನಿಪುಣರು. 1978ರಲ್ಲಿ ಅವರದೇ ಸಹಕಾರ ಸಂಘ ಆರಂಭವಾಯಿತು. ಆ ನಾಲ್ಕು ಹಾವುಗಳನ್ನು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಅತಿ ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ರಕ್ತದಲ್ಲಿ ವಿಷವನ್ನು ಎದುರಿಸುವ ಶಕ್ತಿ ಹುಟ್ಟುತ್ತದೆ. ಅದನ್ನು ಬೇರ್ಪಡಿಸಿ ಔಷಧಿ ಮಾಡುತ್ತಾರೆ. ಇರುಳ ಸಮುದಾಯದ ಮಾಸಿ ಸಡಯನ್ ಮತ್ತು ವಡಿವೇಲ್ ಗೋಪಾಲ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ನಾಗಬನದ ಮಾತು

ಮನೆಗೆ ಬರುವಾಗ ಕಾರಿನಲ್ಲಿ ಮಾತು ನಾಗಬನದ ಕಡೆ ತಿರುಗಿತು. ನಮ್ಮ ಕುಟುಂಬದ ನಾಗಬನವೂ ಇದೆ. ಮರ, ಬಳ್ಳಿ, ಪೊದೆ, ಒಂದು ಹುತ್ತ, ನಡುವೆ ನಾಗನ ಕಲ್ಲು. ಸುತ್ತ ಸಿಮೆಂಟ್ ಹಾಕಿ, ಪೊದೆ ತೆಗೆದು, ಟೈಲ್ಸ್ ಕೂರಿಸಬೇಕೆಂದು ದಾಯಾದಿಗಳಲ್ಲಿ ಎರಡು ವರ್ಷದಿಂದ ಮಾತುಕತೆ ನಡೆಯುತ್ತಿತ್ತು. ನನ್ನ ಹೆಂಡತಿಯೂ ಕಾಲಿಗೆ ಕೆಸರಾಗುವುದಿಲ್ಲವೆಂದು ಅದರ ಪರವಾಗಿಯೇ ಇದ್ದಳು.

“ಹಾವಿಗೆ ಹಾಲು ಊಟ ಅಲ್ಲ, ಅದು ಕುಡಿಯೋದು ನೀರು ಅಂತ ಮೇಡಂ ಹೇಳಿದ್ರು ಅಜ್ಜಿ. ಪೊದೆ ತೆಗೆದ್ರೆ ಹಾವು ಎಲ್ಲಿರುತ್ತೆ?” ಎಂದಳು ಮೊಮ್ಮಗಳು. ಅವಳು ಸ್ವಲ್ಪ ಯೋಚಿಸಿ, “ಹಾಲು ನಾನು ಕಲ್ಲಿಗೆ ಎರೆಯುದು ಮಗಾ, ಅದು ನನ್ನ ಭಕ್ತಿ. ಅದನ್ನು ಬಿಡುದಿಲ್ಲ. ಪೊದೆಯನ್ನೂ ತೆಗೆಯುದು ಬೇಡ. ಹಿಂದಿನವರು ಬನ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ” ಎಂದಳು. ಮುಂದಿನ ತಂಬಿಲದ ದಿನ ದಾಯಾದಿಗಳೆಲ್ಲ ಸೇರಿದಾಗ ಅವಳೇ ಈ ಮಾತನ್ನು ಎತ್ತಿದಳು. ನಡೆಯಲು ಒಂದು ಕಲ್ಲಿನ ದಾರಿ ಮಾತ್ರ ಮಾಡುವುದು, ಬನವನ್ನು ಮುಟ್ಟುವುದು ಬೇಡ ಎಂದು ತೀರ್ಮಾನವಾಯಿತು.

ಮಕ್ಕಳು ಬೆಂಗಳೂರಿಗೆ ಹೊರಡುವ ಮೊದಲು ಮನೆಗೂ ಕೆಲವು ನಿಯಮ ಮಾಡಿಹೋದರು. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಅಂಗಳಕ್ಕೆ ಇಳಿಯಬಾರದು. ಸೌದೆ ಎಳೆಯುವ ಮೊದಲು ಕೋಲಿನಿಂದ ತಟ್ಟಬೇಕು. ಮನೆಯ ಗೋಡೆಗೆ ತಾಗಿ ತೆಂಗಿನ ಸಿಪ್ಪೆ, ಕಲ್ಲು ರಾಶಿ ಹಾಕಬಾರದು. ತೋಟದ ಕೆಲಸಕ್ಕೆ ಬರುವವರಿಗೆ ಉದ್ದದ ರಬ್ಬರ್ ಬೂಟು ತೆಗೆಸಿಕೊಡಬೇಕು. ಹಾವು ಕಂಡರೆ ದೂರದಿಂದ ನೋಡುತ್ತ ನಿಂತು, ತಿಳಿದವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಸಬೇಕು. ಹಾವನ್ನು ಕೊಲ್ಲುವುದು, ಸಾಕುವುದು, ಆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ ಎಂಬುದನ್ನೂ ಕೊನೆಯಲ್ಲಿ ಸೇರಿಸಿದ್ದಾರೆ. ಕಾಗದ ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ. ರಬ್ಬರ್ ಬೂಟು ನಾಲ್ಕು ಜೊತೆ ತಂದೆ. ಕೆಲಸದವರು ಮೊದಲ ದಿನ ನಕ್ಕರು, ಈಗ ಹಾಕಿಕೊಳ್ಳುತ್ತಾರೆ.

ನೀವೂ ಒಮ್ಮೆ ಪಿಲಿಕುಳಕ್ಕೆ ಹೋಗಿ. ರಜಾ ದಿನ, ಸಮಯ ಮೊದಲೇ ವಿಚಾರಿಸಿಕೊಳ್ಳಿ. ನಡೆಯುವುದು ಬಹಳ ಇದೆ, ಬೆಳಿಗ್ಗೆ ಹೋಗುವುದು ಲೇಸು. ನೀರಿನ ಬಾಟಲಿ, ಟೊಪ್ಪಿ ಇರಲಿ, ಮಂಡಿನೋವಿನವರು ಕೋಲು ಮರೆಯಬೇಡಿ. ಹಾವುಗಳ ಕೋಣೆಯ ಗಾಜನ್ನು ತಟ್ಟಬೇಡಿ. ಅವು ಹೆಚ್ಚು ಹೊತ್ತು ಮಲಗಿಯೇ ಇರುತ್ತವೆ, ಎರಡು ನಿಮಿಷ ಸುಮ್ಮನೆ ನಿಂತರೆ ಒಂದಾದರೂ ನಾಲಿಗೆ ಚಾಚಿ ನಿಮ್ಮನ್ನು ಮೂಸಿ ನೋಡುತ್ತದೆ. ಅಜ್ಜ ಅಜ್ಜಿಯರು ಹುಲಿಯ ಹತ್ತಿರ ಮಕ್ಕಳನ್ನು ಬಿಟ್ಟು ಬೆಂಚಿನಲ್ಲಿ ಕೂತರೂ ಅಡ್ಡಿಯಿಲ್ಲ. ಹಾವುಗಳ ಕಡೆಗೆ ಮಾತ್ರ ಜೊತೆಯಲ್ಲಿ ಹೋಗಿ, ಆ ನಾಲ್ಕು ಹೆಸರುಗಳನ್ನು ಮಕ್ಕಳೊಂದಿಗೆ ನೀವೂ ಮೂರು ಸಲ ಜೋರಾಗಿ ಹೇಳಿ ಬನ್ನಿ.